ಐದು ಹೊತ್ತಿನ ಜಾಗ, ಹರಕೆಯ ಜಾಗ

ಯಲಹಂಕ, ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಬೆಟ್ಟಗಳ ನಡುವೆ ಹಿಂದೂಪುರದ ರೈಲು ತಿರುವು ತೆಗೆದುಕೊಳ್ಳುವ ಹೊತ್ತಿಗೆ ಬೋಗಿಯೊಳಗಿನ ಭಾಷೆ ಬದಲಾಗತೊಡಗುತ್ತದೆ. ಬೆಂಗಳೂರಿನಲ್ಲಿ ಕನ್ನಡದಲ್ಲಿ ಸೀಟು ಕೇಳಿದವರೇ ತೊಂಡೇಬಾವಿ ಬರುವಷ್ಟರಲ್ಲಿ ತೆಲುಗಿನಲ್ಲಿ ಕಡಲೆಕಾಯಿ ಹಂಚಿಕೊಳ್ಳುತ್ತಿರುತ್ತಾರೆ. ನನ್ನೆದುರು ಕೂತಿದ್ದ ಹೆಂಗಸು ಮಗಳನ್ನು ದಖನಿಯಲ್ಲಿ ಗದರಿಸಿ, ಪಕ್ಕದವರ ಹತ್ತಿರ ತೆಲುಗಿನಲ್ಲಿ ಸೊಪ್ಪಿನ ರೇಟು ವಿಚಾರಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ "ಕಿಟಕಿ ಸ್ವಲ್ಪ ಇಳಿಸ್ತೀರಾ ಅಣ್ಣಾ, ಧೂಳು" ಎಂದರು. ಈ ಸೀಮೆಯಲ್ಲಿ ಇದು ಯಾರಿಗೂ ವಿಶೇಷವಲ್ಲ.

ನಾನು ಹೊರಟಿದ್ದು ಸಣ್ಣ ಮಸೀದಿಯೊಂದನ್ನು ನೋಡಲು. ದೊಡ್ಡ ಮಸೀದಿಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಾಗಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ ಜೋಡಿ ಮಿನಾರಿನ ಮಸೀದಿ, ಮೊಗಲರ ಕಾಲದಲ್ಲಿ ಸುಬೇದಾರರು ಕೂತು ಆಳಿದ ಶಿರಾದಲ್ಲಿ 1696ರ ಜುಮ್ಮಾ ಮಸೀದಿ, ಬಿಜಾಪುರದ ವಿಶಾಲ ಅಂಗಳ. ಅವುಗಳಿಗೆ ಪ್ರವಾಸಿಗರಿದ್ದಾರೆ, ಕಾವಲಿದೆ, ಬೋರ್ಡಿದೆ. ಆದರೆ ಹತ್ತು ಹನ್ನೆರಡು ಮುಸ್ಲಿಂ ಮನೆಗಳಿರುವ ಹಳ್ಳಿಯಲ್ಲಿ, ಐದು ಹೊತ್ತೂ ಬಾಗಿಲು ತೆರೆಯುವ ಮಸೀದಿ ಹೇಗೆ ನಡೆಯುತ್ತದೆ? ದೀಪಕ್ಕೆ, ನೀರಿಗೆ, ಇಮಾಮರ ಊಟಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಗೌರಿಬಿದನೂರಿನ ಗೆಳೆಯರೊಬ್ಬರ ಮುಂದೆ ಈ ಪ್ರಶ್ನೆ ಇಟ್ಟಾಗ ಅವರು, "ಅದನ್ನ ಫೋನಲ್ಲಿ ಹೇಳೋಕಾಗಲ್ಲ, ಬನ್ನಿ" ಎಂದಿದ್ದರು. ಗೆಳೆಯರು ನಿವೃತ್ತ ಪ್ರೈಮರಿ ಸ್ಕೂಲ್ ಮೇಷ್ಟರು. ತಾಲ್ಲೂಕಿನ ಅರ್ಧ ಹಳ್ಳಿಗಳಲ್ಲಿ ಅವರ ಶಿಷ್ಯರಿದ್ದಾರೆ.

ಮೇಷ್ಟರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದುದು ಗೌರಿಬಿದನೂರಿನ ಮುಂದಿನ ಪುಟ್ಟ ನಿಲ್ದಾಣದಲ್ಲಿ, ವಿದುರಾಶ್ವತ್ಥದಲ್ಲಿ. ಇಲ್ಲಿಗೆ ಬಂದು ಅಶ್ವತ್ಥನಾರಾಯಣನಿಗೆ ಕೈ ಮುಗಿಯದೆ ಮುಂದೆ ಹೋಗುವಂತಿಲ್ಲ ಎಂಬುದು ಅವರ ನಿಯಮ. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ ಹಳೆಯ ಅರಳಿಮರ ಈ ಶತಮಾನದ ಆರಂಭದಲ್ಲಿ ಉರುಳಿಬಿತ್ತು. ನಾಗರಕಲ್ಲುಗಳು ಮಾತ್ರ ಉರುಳುವ ಮಾತೇ ಇಲ್ಲ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇವೆ. ಸಾಲುಸಾಲು ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಕೆಲವಕ್ಕೆ ನಿನ್ನೆಯ ಅರಿಶಿನ, ಕೆಲವಕ್ಕೆ ಮುಖವೇ ಸವೆದಿದೆ. ಮಕ್ಕಳಾಗದವರು, ಸರ್ಪದೋಷ ಎಂದು ಹೇಳಿಸಿಕೊಂಡವರು ಕರ್ನಾಟಕ, ಆಂಧ್ರ ಎರಡೂ ಕಡೆಯಿಂದ ಬಂದು ಪ್ರತಿಷ್ಠೆ ಮಾಡಿಸುತ್ತಾರೆ. ಪಕ್ಕದ ಉತ್ತರ ಪಿನಾಕಿನಿಯಲ್ಲಿ ನೀರಿರಲಿಲ್ಲ. ಮರಳೂ ಹೆಚ್ಚು ಉಳಿದಿರಲಿಲ್ಲ. ಜಾಲಿ ಬೆಳೆದಿತ್ತು.

ಗುಡಿಯಿಂದ ಸ್ವಲ್ಪ ದೂರದಲ್ಲಿ ಹುತಾತ್ಮರ ಸ್ಮಾರಕವಿದೆ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಎರಡು ವಾರ ಕಳೆದು, ಏಪ್ರಿಲ್ 25ರಂದು, ನಿಷೇಧಾಜ್ಞೆಯ ನಡುವೆಯೂ ಈ ತೋಪಿನಲ್ಲಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಎಂಬುದಕ್ಕೆ ಸರ್ಕಾರದ್ದೊಂದು ಲೆಕ್ಕ, ಜನರದ್ದೊಂದು ಲೆಕ್ಕ. ಜನರ ಲೆಕ್ಕದಲ್ಲಿ 32. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಊರಿಗೆ ಅಂಟಿದ್ದು ಇದರಿಂದ. ಆ ಹೊತ್ತಿಗೆ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಕುದುರೆ ವ್ಯಾಪಾರಕ್ಕೆಂದು ಪರ್ಷಿಯಾದಿಂದ ಬೆಂಗಳೂರಿಗೆ ಬಂದು ನೆಲೆಸಿದ ಅಲಿ ಅಸ್ಕರ್ ಅವರ ಮೊಮ್ಮಗ. ಗೋಲಿಬಾರ್ ನಡೆದ ಕೆಲವೇ ದಿನಗಳಲ್ಲಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರ ಜೊತೆ ಮಾತುಕತೆ ನಡೆಸಿದರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂಬ ಒಪ್ಪಂದಕ್ಕೆ ಬಂದದ್ದು ಆ ಮೇ ತಿಂಗಳಲ್ಲಿ.

"ಗೋಲಿಬಾರ್ ಕಂಡವರು ನಮ್ಮಜ್ಜನ ಗೆಳೆಯರಲ್ಲೇ ಇದ್ರು," ಎಂದರು ಮೇಷ್ಟರು. "ದಿವಾನರನ್ನ ಬೈತಿದ್ರು, ಪೊಲೀಸ್ರನ್ನ ಬೈತಿದ್ರು. ದಿವಾನರು ಯಾವ ಜಾತಿ ಅಂತ ಹಿಡಿದು ಬೈದಿದ್ದು ನಾನು ಕೇಳಿಲ್ಲ. ಈಗ ಮೊಬೈಲಲ್ಲಿ ಕೇಳ್ತೀನಿ." ಸ್ಕೂಟರ್ ಸ್ಟಾರ್ಟ್ ಮಾಡಿದರು.

ನಾವು ಹೋದ ಹಳ್ಳಿ ಆಂಧ್ರದ ಗಡಿಯ ಕಡೆಗಿದೆ. ಊರಿನ ಹೆಸರು ಬರೆಯಬೇಡಿ ಎಂದು ಅಲ್ಲಿನ ಹಿರಿಯರು ಕೇಳಿಕೊಂಡದ್ದರಿಂದ ಬರೆಯುವುದಿಲ್ಲ. ಮುಸುಕಿನ ಜೋಳದ ಹೊಲ, ಒಂದೆರಡು ಹಿಪ್ಪುನೇರಳೆ ತೋಟ, ನೀರಿಲ್ಲದ ಕೆರೆ, ಕೆರೆ ಏರಿಯ ಕೆಳಗೆ ಊರು. ಇಲ್ಲಿನ ಎಲ್ಲ ಹಳೆಯ ಕಟ್ಟಡಗಳ ಹಾಗೆ ಮಸೀದಿಯೂ ಕಲ್ಲುಕಂಬ, ಕಲ್ಲುಚಪ್ಪಡಿಯದು. ಮುಂದೆ ಸಿಮೆಂಟ್ ಶೀಟಿನ ಇಳಿಜಾರು. ಮಿನಾರು ಎನ್ನುವಂಥದ್ದು ಏನೂ ಇಲ್ಲ, ಮಾಳಿಗೆಯ ನಾಲ್ಕು ಮೂಲೆಗೆ ನಾಲ್ಕು ಗಿಡ್ಡ ಕಂಬ, ಅವಕ್ಕೆ ಹಸಿರು ಬಣ್ಣ. ರಸ್ತೆಯಿಂದ ನೋಡಿದರೆ ಹಾಲಿನ ಡೇರಿಯೋ ಮಸೀದಿಯೋ ಹೇಳುವುದು ಕಷ್ಟ. ಹಾಲಿನ ಡೇರಿ ಪಕ್ಕದ್ದೇ.

ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಗಳು ಎಪ್ಪತ್ತು ದಾಟಿದವರು. ಮೇಷ್ಟರು ಅವರನ್ನು "ಮಾಮಾ" ಎಂದರು, ಅವರು ಮೇಷ್ಟರನ್ನು "ಅಪ್ಪಾ" ಎಂದರು. ನನಗೆ ಸಿಕ್ಕಿದ್ದು "ಬನ್ನಿ ಸಾರ್, ಚಪ್ಪಲಿ ಅಲ್ಲೇ ಬಿಡಿ, ನಾಯಿ ಎತ್ಕೊಂಡು ಹೋಗಲ್ಲ" ಎಂಬ ಸ್ವಾಗತ.

ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ನೆಲ. ಗೋಡೆಗಳು ರಸ್ತೆಗೆ ಸಮನಾಗಿ, ಚೌಕಕ್ಕೆ ಚೌಕ ಕೂತಿವೆ. ಆದರೆ ರೆಡ್ ಆಕ್ಸೈಡ್ ನೆಲದ ಮೇಲೆ ಬಿಳಿ ಪೇಂಟಿನಲ್ಲಿ ಎಳೆದ ಗೆರೆಗಳು ಗೋಡೆಗೆ ಸಮನಾಗಿಲ್ಲ, ಓರೆಯಾಗಿ ಓಡುತ್ತವೆ. ಒಂದು ಮೂಲೆಯಲ್ಲಿ ಗೆರೆಗೂ ಗೋಡೆಗೂ ನಡುವೆ ಮುಕ್ಕೋನದ ಜಾಗ ಉಳಿದು, ಅಲ್ಲಿ ಪೊರಕೆ, ಚಾಪೆಯ ಸುರುಳಿ, ಒಂದು ನೀರಿನ ಕೊಡ ಇದ್ದವು. ಕಟ್ಟಿದವರು ಮಕ್ಕಾ ಪಡುವಣಕ್ಕಿದೆ ಎಂದು ನೇರ ಪಡುವಣಕ್ಕೆ ಗೋಡೆ ಎತ್ತಿದ್ದರು. ಆದರೆ ಈ ಸೀಮೆಯಿಂದ ಮಕ್ಕಾಕ್ಕೆ ಮುಖ ಮಾಡಬೇಕಾದರೆ ಪಡುವಣದಿಂದ ಸುಮಾರು 18 ಡಿಗ್ರಿ ಬಡಗಕ್ಕೆ ತಿರುಗಬೇಕು. ಪೇಟೆಯಿಂದ ಬಂದ ಮೌಲ್ವಿಯೊಬ್ಬರು ದಿಕ್ಸೂಚಿ ಇಟ್ಟು ತೋರಿಸಿಕೊಟ್ಟ ಮೇಲೆ ಜಮಾತು ಕೂತು ಮಾತಾಡಿತಂತೆ. ಗೋಡೆ ಒಡೆಯಲು ದುಡ್ಡಿರಲಿಲ್ಲ. ಪೇಂಟಿಗಿತ್ತು. ಗೆರೆ ಎಳೆದರು. "ಹಿರೀಕ್ರು ನಿಂತ ಗೋಡೆ ಹಂಗೇ ಇರ್ಲಿ, ನಾವು ತಿರುಗಿ ನಿಲ್ಲಾಣ ಅಂದ್ವಿ" ಎಂದರು ಮುತವಲ್ಲಿ.

ಪಡುವಣ ಗೋಡೆಯ ನಡುವೆ ಮಿಹರಾಬಿನ ಗೂಡು, ಪಕ್ಕದಲ್ಲಿ ಮರದ ಮೂರು ಮೆಟ್ಟಿಲ ಮಿಂಬರ್. ಗೋಡೆಯ ಮೇಲೆ ಐದು ಮುಳ್ಳುಗಡಿಯಾರಗಳ ಚಿತ್ರವಿರುವ ಹಲಗೆ. ಅವು ಓಡುವ ಗಡಿಯಾರಗಳಲ್ಲ. ಫಜರ್, ಜೊಹರ್, ಅಸರ್, ಮಗ್ರಿಬ್, ಇಶಾ, ಈ ಐದು ನಮಾಜಿಗೆ ಜಮಾತು ನಿಲ್ಲುವ ಹೊತ್ತನ್ನು ಮುಳ್ಳು ತಿರುಗಿಸಿ ಇಡುತ್ತಾರೆ. ಸೂರ್ಯ ಸರಿದ ಹಾಗೆ ಮುಳ್ಳೂ ಸರಿಯಬೇಕು. ಹೊರಗಿನ ಪಡಸಾಲೆಯ ತೊಲೆಗೆ ಒಂದು ಕಬ್ಬಿಣದ ಮಂಚ ತೂಗುಹಾಕಿತ್ತು. ಜನಾಜಾ, ಅಂದರೆ ಶವ, ಹೊರುವ ಮಂಚ.

ಮಂಚದ ಕಡೆ ನೋಡಿದ್ದನ್ನು ಗಮನಿಸಿ ಮುತವಲ್ಲಿಗಳೇ ಮಾತು ತೆಗೆದರು. ಸತ್ತವರಿಗಾಗಿ ಮಾಡುವ ನಮಾಜು ಫರ್ಜೆ ಕಿಫಾಯಾ. ಊರಿನ ಕೆಲವರು ಮಾಡಿದರೆ ಎಲ್ಲರ ಹೊಣೆ ತೀರಿತು, ಯಾರೂ ಮಾಡದಿದ್ದರೆ ಪಾಪ ಎಲ್ಲರಿಗೂ. ಆ ನಮಾಜಿನಲ್ಲಿ ಬಾಗುವುದಿಲ್ಲ, ಹಣೆ ನೆಲಕ್ಕೆ ತಾಗಿಸುವುದಿಲ್ಲ. ನಿಂತಲ್ಲೇ ನಾಲ್ಕು ಸಲ ತಕ್ಬೀರ್, ಅಂದರೆ ಅಲ್ಲಾಹು ಅಕ್ಬರ್. "ಗುಂಡಿ ತೆಗಿಯೋಕೆ ಊರೋರು ಬರ್ತಾರೆ. ಹೊರೋಕೂ ಬರ್ತಾರೆ, ಹೆಗಲು ಬದಲಾಯಿಸೋಕೆ ಒಬ್ಬರ ಮೇಲೊಬ್ಬರು. ನಮಾಜಿಗೆ ಮಾತ್ರ ನಾವೇ ನಿಲ್ಲಬೇಕಲ್ಲ ಸಾರ್? ಹುಡುಗ್ರೆಲ್ಲ ಬೆಂಗಳೂರು, ಶಿಡ್ಲಘಟ್ಟ. ಹೋದ ಸಲ ಒಂದು ಸಾಲು ಪೂರ್ತಿ ಆಗ್ಲಿಲ್ಲ." ಸಣ್ಣ ಜಮಾತಿನ ಮುಖ್ಯ ಚಿಂತೆ ಇದು. ಜಗಳ, ರಾಜಕೀಯ ಎಲ್ಲ ಆಮೇಲೆ. ಮೊದಲು ತಲೆ ಎಣಿಕೆ.

ಶುಕ್ರವಾರದ ಜುಮಾ ಇಲ್ಲಿ ನಡೆಯುವುದಿಲ್ಲ ಎಂದು ತಿಳಿದಾಗ ಆಶ್ಚರ್ಯವಾಯಿತು. ದಖನಿ ಮಾತಾಡುವ ನಮ್ಮ ಬಯಲುಸೀಮೆಯ ಮುಸ್ಲಿಮರು ಬಹುತೇಕ ಹನಫಿಗಳು. ಹನಫಿ ಶಾಸ್ತ್ರದಲ್ಲಿ ಜುಮಾಕ್ಕೆ ಇಮಾಮರನ್ನು ಬಿಟ್ಟು ಮೂವರು ಗಂಡಸರಿದ್ದರೆ ಸಾಕು. ಆದರೆ ಜಾಗ ಪೇಟೆಯಾಗಿರಬೇಕು ಇಲ್ಲವೇ ಪೇಟೆಯಂಥ ದೊಡ್ಡ ಊರಾಗಿರಬೇಕು. ಪುಟ್ಟ ಹಳ್ಳಿಯಲ್ಲಿ ಜುಮಾ ಇಲ್ಲ, ಅಲ್ಲಿ ಎಂದಿನ ಜೊಹರ್ ಮಾಡಿದರಾಯಿತು. ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿ ಶಾಸ್ತ್ರದ ಲೆಕ್ಕವೇ ಬೇರೆ, ಅಲ್ಲಿ 40 ಮಂದಿ ಬೇಕು. ಹೀಗಾಗಿ ಶುಕ್ರವಾರ ಇಲ್ಲಿನ ಗಂಡಸರು ಗೌರಿಬಿದನೂರಿಗೆ ಹೋಗುತ್ತಾರೆ. ನಮಾಜೂ ಆಯಿತು, ಗೊಬ್ಬರದ ಅಂಗಡಿಯೂ ಆಯಿತು, ಬ್ಯಾಂಕಿನ ಕೆಲಸವೂ ಆಯಿತು. ವಾರದಲ್ಲಿ ಅತಿ ಹೆಚ್ಚು ಜನ ಸೇರಬೇಕಾದ ದಿನವೇ ಈ ಮಸೀದಿಯಲ್ಲಿ ಅತಿ ಕಡಿಮೆ ಜನ.

ಇಮಾಮರು ಮಗ್ಗುಲ ಕೋಣೆಯಿಂದ ಬಂದರು. ಇಪ್ಪತ್ತೈದರ ಆಸುಪಾಸಿನ ಹುಡುಗ, ಊರು ಬಿಹಾರದ ಕಿಶನ್‌ಗಂಜ್ ಕಡೆ. ಈ ಭಾಗದ ಹಳ್ಳಿ ಮಸೀದಿಗಳಲ್ಲಿ ಬಿಹಾರ, ಉತ್ತರ ಪ್ರದೇಶದ ಇಮಾಮರು ಈಗ ಮಾಮೂಲು. ಇಲ್ಲಿನ ಹುಡುಗರು ಆ ಸಂಬಳಕ್ಕೆ ಬರುವುದಿಲ್ಲ. ಮದರಸಾದಲ್ಲಿ ಕಲಿತ ಶುದ್ಧ ಉರ್ದುವಿನೊಂದಿಗೆ ಬಂದವರಿಗೆ ಮೊದಲು ಎದುರಾದದ್ದು ದಖನಿ, ಆಮೇಲೆ ಅಂಗಡಿಯ ತೆಲುಗು, ಪಂಚಾಯಿತಿಯ ಕನ್ನಡ. ಬಂದ ಹೊಸದರಲ್ಲಿ ಬೇಡ ಎನ್ನಲು 'ನಕ್ಕೋ' ಎನ್ನಬೇಕೆಂದು ಗೊತ್ತಿಲ್ಲದೆ ಎರಡೆರಡು ಸಲ ಸಾರು ಬಡಿಸಿಕೊಂಡದ್ದನ್ನು ಅವರೇ ಹೇಳಿ ನಕ್ಕರು. ಊಟ ಮನೆಮನೆಯ ಸರದಿ. ಇವತ್ತು ಈ ಮನೆ, ನಾಳೆ ಪಕ್ಕದ್ದು. ಮುದ್ದೆ ನುಂಗುವುದನ್ನು ಕಲಿತಿದ್ದಾರೆ.

ಸಂಬಳದ ಲೆಕ್ಕ ಹೀಗೆ. ವಕ್ಫ್ ಮಂಡಳಿಯಲ್ಲಿ ನೋಂದಾಯಿತ ಮಸೀದಿಗಳ ಇಮಾಮರಿಗೆ ರಾಜ್ಯ ಸರ್ಕಾರದ ಗೌರವಧನವಿದೆ. 2025ರ ಬಜೆಟ್ಟಿನಲ್ಲಿ ಅದನ್ನು ತಿಂಗಳಿಗೆ 6,000 ರೂಪಾಯಿಗೆ, ಅಜಾನ್ ಕೂಗುವ ಮೌಜನ್ನರದ್ದನ್ನು 5,000ಕ್ಕೆ ಏರಿಸಿದರು. ಇಲ್ಲಿ ಇಮಾಮರೇ ಮೌಜನ್, ಅವರೇ ಕಸ ಗುಡಿಸುವವರು. ಉಳಿದದ್ದು ಜಮಾತಿನ ಚಂದಾ. ಅದೂ ಸಾಲದ್ದಕ್ಕೆ ಹೆಂಗಸರ ಮುಷ್ಟಿ ಅಕ್ಕಿ. ಪ್ರತಿ ಮನೆಯ ಅಡುಗೆಮನೆಯಲ್ಲಿ ಒಂದು ಡಬ್ಬ. ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಮುಷ್ಟಿ ಆ ಡಬ್ಬಕ್ಕೆ. ತಿಂಗಳ ಕೊನೆಗೆ ಎಲ್ಲ ಡಬ್ಬಗಳನ್ನು ಒಂದು ಚೀಲಕ್ಕೆ ಸುರಿದು ಮಾರುತ್ತಾರೆ, ಆ ದುಡ್ಡು ಕರೆಂಟ್ ಬಿಲ್ಲಿಗೆ. ನಾನು ನೋಡಿದ ಡಬ್ಬ ಹಾಲಿನ ಪುಡಿಯದ್ದು, ಮುಚ್ಚಳ ಕಳೆದುಹೋಗಿ ಸ್ಟೀಲ್ ತಟ್ಟೆ ಮುಚ್ಚಿತ್ತು. ಆ ಮನೆಯ ಯಜಮಾನಿಯೇ ಸಂಜೆ ಜಗಲಿಯ ಮೇಲೆ ಮಕ್ಕಳಿಗೆ ಅರಬ್ಬಿ ಅಕ್ಷರ ಹೇಳಿಕೊಡುವ ಆಪಾ. ಮಸೀದಿಯ ಒಳಗೆ ಹೆಂಗಸರಿಗೆ ನಮಾಜಿನ ಜಾಗವಿಲ್ಲ. ದೀಪ ಮಾತ್ರ ಅವರ ಅಕ್ಕಿಯಿಂದ ಉರಿಯುತ್ತದೆ. ಇದನ್ನು ಅವರಿಗೆ ಹೇಳಿದಾಗ, "ಅದಕ್ಕೇ ಲೆಕ್ಕ ನಾನೇ ಬರೆಯೋದು" ಎಂದು ಒಂದು ಶಾಲಾ ನೋಟ್‌ಬುಕ್ ತೋರಿಸಿದರು.

ನೀರಿನ ಕಥೆ ಬೇರೆ. ನಮಾಜಿಗೆ ಮುಂಚೆ ವುಜೂ, ಅಂದರೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ತಲೆ ಸವರಿ, ಕಾಲು ತೊಳೆಯುವುದು. ನದಿಗಳಿಲ್ಲದ, ಇದ್ದರೂ ಬತ್ತಿದ ಜಿಲ್ಲೆ ಇದು. ಸಾವಿರ ಅಡಿ ಕೊರೆದರೂ ಬರಿ ಧೂಳು ಬರುವ ಕೊಳವೆಬಾವಿಗಳು, ಬಂದ ನೀರಿನಲ್ಲಿ ಫ್ಲೋರೈಡ್. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆನೀರನ್ನು ಶುದ್ಧಮಾಡಿ ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿಸುವ ಎಚ್‌ಎನ್ ವ್ಯಾಲಿ ಯೋಜನೆ ಬಂದದ್ದು ಈ ಬರದಿಂದ. ಈ ಊರಿನ ಕೆರೆಗೆ ಅದು ಬಂದಿಲ್ಲ. ನೀರು ಸಿಗದ ಕಡೆ ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿಕೊಳ್ಳುವ ತಯಮ್ಮುಮ್‌ಗೆ ಶಾಸ್ತ್ರದಲ್ಲಿ ಅವಕಾಶವಿದೆ. ಅಷ್ಟರ ಮಟ್ಟಿಗೆ ಹೋಗಿಲ್ಲ ಎಂದರು ಮುತವಲ್ಲಿ. ಪಂಚಾಯಿತಿ ನಲ್ಲಿ ಕೈಕೊಟ್ಟ ದಿನ ಪಕ್ಕದ ರೆಡ್ಡಿಗಳ ಬೋರಿನಿಂದ ಪೈಪು ಎಳೆಯುತ್ತಾರೆ. ಮಸೀದಿ ಗೋಡೆಯಲ್ಲಿ ಆ ಪೈಪಿಗಾಗಿಯೇ ಒಂದು ತೂತಿದೆ.

ಮೈಕು ಇದೆ. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಧ್ವನಿವರ್ಧಕಗಳಿಗೆ ಅನುಮತಿ ಕಡ್ಡಾಯ ಮಾಡಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸುವಂತಿಲ್ಲ ಎಂದಿತು. ಅಲ್ಲಿಂದ ಬೆಳಗಿನ ಅಜಾನ್ ಬರಿಗಂಟಲಲ್ಲಿ. ಊರು ಚಿಕ್ಕದು, ಕೇಳುತ್ತದೆ. "ಡೇರಿಗೆ ಹಾಲು ಹಾಕೋ ಹೆಂಗಸರು ನನ್ ಕೂಗಿಗೇ ಏಳೋದು. ನಾನು ಊರಿಗೆ ಹೋದ್ರೆ ಅವರಿಗೆ ಲೇಟಾಗುತ್ತೆ" ಎಂದರು ಇಮಾಮರು, ದಖನಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿ.

ಮಾತಾಡುತ್ತಿದ್ದ ಹಾಗೆ ಆಂಜನೇಯನ ಗುಡಿಯ ಅರ್ಚಕರು ಡೇರಿಗೆ ಬಂದವರು ಜಗಲಿಯ ಮೇಲೆ ಕೂತರು. ಮುಜರಾಯಿ ಲೆಕ್ಕದಲ್ಲಿ ಸಿ ದರ್ಜೆಯ ದೇವಸ್ಥಾನ. ಪೂಜೆಗೆಂದು ಸರ್ಕಾರ ಕೊಡುವ ತಸ್ತೀಕೂ 2025ರ ಅದೇ ಬಜೆಟ್ಟಿನಲ್ಲಿ ವರ್ಷಕ್ಕೆ 72,000 ಆಯಿತು. ಭಾಗಿಸಿ ನೋಡಿದರೆ ತಿಂಗಳಿಗೆ ಅದೇ 6,000. ಅವರ ಮಗನೂ ಬೆಂಗಳೂರಿನಲ್ಲಿ, ಅವರ ನಂತರ ಬೀಗದಕೈ ಯಾರಿಗೆ ಎಂಬುದು ಅವರಿಗೂ ಗೊತ್ತಿಲ್ಲ. ಇಬ್ಬರೂ ಮುದುಕರು ಆ ವಿಷಯ ಮಾತಾಡುವಾಗ ನಾನೂ ಮೇಷ್ಟರೂ ಸುಮ್ಮನಿದ್ದೆವು.

ಊರಿನ ಇನ್ನೊಂದು ಕೊನೆಯಲ್ಲಿ ಪೀರ್ಲ ಚಾವಡಿ ಇದೆ. ಮೊಹರಂ ಇಲ್ಲಿ ಬಾಬಯ್ಯನ ಹಬ್ಬ. ಪೆನುಕೊಂಡದ ಬಾಬಾ ಫಕ್ರುದ್ದೀನರ ದರ್ಗಾ ಇಲ್ಲಿಂದ ದೂರವಲ್ಲ. ಎರಡೂ ರಾಜ್ಯಗಳ ಜನ ಅವರನ್ನು ಬಾಬಯ್ಯ ಎಂದೇ ಕರೆಯುತ್ತಾರೆ. ಹುಟ್ಟಿದ ಮಕ್ಕಳಿಗೆ ಬಾಬಯ್ಯ, ಬಾಬಮ್ಮ ಎಂದು ಹೆಸರಿಡುವ ಹಿಂದೂ ಮನೆಗಳು ಈ ಸೀಮೆಯಲ್ಲಿ ಎಷ್ಟೋ. ಪೀರುಗಳನ್ನು ಇಳಿಸಿ, ತೊಳೆದು, ಬಟ್ಟೆ ಉಡಿಸಿ ಕೂರಿಸುವವರು ಈಗ ಒಂದು ನಾಯಕರ ಮನೆಯವರು. ಇಮಾಮರು ಆ ಕಡೆ ಹೋಗುವುದಿಲ್ಲ. ಅವರು ಕಲಿತ ಮದರಸಾದ ಪ್ರಕಾರ ಪೀರು ಕೂರಿಸುವುದು ತಪ್ಪು. ಮುತವಲ್ಲಿಗಳು ಚಿಕ್ಕಂದಿನಲ್ಲಿ ಪೀರು ಹೊತ್ತು ಕೆಂಡ ಹಾಯ್ದವರು, ಈಗ ದೂರದಿಂದ ನೋಡುತ್ತಾರೆ. "ಬೇಡ ಅನ್ನೋಕೆ ನಾವ್ಯಾರು, ಅದು ಊರಿಂದು" ಎಂದರು. ಭಾವೈಕ್ಯದ ಭಾಷಣಗಳಲ್ಲಿ ಈ ಸಣ್ಣ ಇರಿಸುಮುರಿಸು ಬರುವುದಿಲ್ಲ. ಆದರೆ ಊರು ಇದನ್ನು ಇಟ್ಟುಕೊಂಡೇ ಬದುಕುತ್ತಿದೆ.

ಮರುದಿನ ಗುರುವಾರ. ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ದಾಟಿ, ಶಿಡ್ಲಘಟ್ಟದಲ್ಲಿ ಇಳಿಯದೆ, ಚಿಂತಾಮಣಿಗೆ ಬಸ್ಸು ಹಿಡಿದು ಮುರುಗಮಲ್ಲ ತಲುಪಿದೆ. ಕೋಲಾರ ಜಿಲ್ಲೆಯಿಂದ 2007ರಲ್ಲಿ ಬೇರೆಯಾದ ಈ ಚಿಕ್ಕಬಳ್ಳಾಪುರ ಜಿಲ್ಲೆಯ ಎಲ್ಲ ದಿಕ್ಕಿನಿಂದಲೂ ಜನ ಹುಡುಕಿಕೊಂಡು ಬರುವ ಜಾಗ ಇಲ್ಲಿನ ಅಮ್ಮಾಜಾನ್ ಬಾವಾಜಾನ್ ದರ್ಗಾ. ಮುಕ್ತೀಶ್ವರನ ದೇವಸ್ಥಾನವೂ ಈ ಊರಲ್ಲೇ ಇದೆ. ಬಸ್ಸು ಇಳಿದಲ್ಲಿಂದಲೇ ಅಂಗಡಿ ಸಾಲು. ಜರಿಯಂಚಿನ ಹಸಿರು, ಕೆಂಪು ಚಾದರಗಳು, ಮಲ್ಲಿಗೆ ಹೂವಿನ ಚಾದರ, ಸಕ್ಕರೆ ಪೊಟ್ಟಣ, ಊದುಬತ್ತಿ, ಲೋಬಾನ, ತಾಯಿತ, ಬಿರಿಯಾನಿ ಹೋಟೆಲು, ಪಕ್ಕದಲ್ಲೇ ಶುದ್ಧ ಸಸ್ಯಾಹಾರಿ. ತೆಂಗಿನಕಾಯಿ ಹಿಡಿದು ಸಾಲಿನಲ್ಲಿ ನಿಂತವರ ಹಣೆಯಲ್ಲಿ ಕುಂಕುಮ, ವಿಭೂತಿ ಎಲ್ಲ ಇದ್ದವು. ಬುರ್ಖಾದಷ್ಟೇ ಸೀರೆಗಳೂ ಕಂಡವು. ತಮಿಳು, ತೆಲುಗು, ದಖನಿ, ಕನ್ನಡ. ಬಳ್ಳಾರಿ ಕಡೆಯ ಕುಟುಂಬವೊಂದು ಮಗುವಿನ ಮುಡಿ ಕೊಡಲು ಬಂದಿತ್ತು.

ಇಲ್ಲಿಗೆ ಮುಖ್ಯವಾಗಿ ಬರುವುದು ಮನಸ್ಸು ಕೆಟ್ಟವರು, ಗಾಳಿ ಮೆಟ್ಟಿದೆ ಎಂದು ಮನೆಯವರು ನಂಬಿದವರು. ಅಂಗಳದಲ್ಲಿ ಕೂದಲು ಬಿಚ್ಚಿಕೊಂಡು ತಲೆ ತೂಗುತ್ತಿದ್ದ ಹೆಣ್ಣುಮಗಳ ಸುತ್ತ ಮನೆಯವರು ಕೂತಿದ್ದರು. ಅವಳ ಅಮ್ಮ ಒಂದು ಕೈಯಲ್ಲಿ ಅವಳ ಸೆರಗು ಹಿಡಿದು ಇನ್ನೊಂದು ಕೈಯಲ್ಲಿ ಟಿಫಿನ್ ಬಾಕ್ಸ್ ತೆರೆಯುತ್ತಿದ್ದಳು. ಇಂಥ ಜಾಗಗಳ ಮೇಲಿನ ನಂಬಿಕೆ ಒಮ್ಮೊಮ್ಮೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ದೇಶ ಕಂಡಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಶೆಡ್ಡೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನೇ ನಿಷೇಧಿಸಿದೆ. ನನ್ನ ಪಕ್ಕ ಕೂತಿದ್ದ ತಂದೆಯೊಬ್ಬರು ಮಗನನ್ನು ನಿಮ್ಹಾನ್ಸ್‌ಗೂ ತೋರಿಸುತ್ತಿದ್ದರು, ಇಲ್ಲಿಗೂ ಕರೆತಂದಿದ್ದರು. "ಮಾತ್ರೆ ಬಿಡ್ಬೇಡಿ ಅಂತ ಡಾಕ್ಟ್ರೂ ಹೇಳ್ತಾರೆ, ನಾನೂ ಬಿಡಲ್ಲ. ಇದು ನಮ್ಮ ಧೈರ್ಯಕ್ಕೆ ಸಾಮಿ" ಎಂದರು. ಅವರ ಮಾತಿಗೆ ನನ್ನಲ್ಲಿ ಎದುರುತ್ತರ ಇರಲಿಲ್ಲ.

ಅಸರ್‌ನ ಅಜಾನ್ ಕೂಗಿತು. ಸಾಲು ಕದಲಲಿಲ್ಲ. ಆ ಜನಸಾಗರದಿಂದ ಎದ್ದು ನಮಾಜಿಗೆ ಹೋದವರು ಬೆರಳೆಣಿಕೆಯಷ್ಟು. ಉಳಿದವರಿಗೆ ಬೇಕಾದದ್ದು ಸಮಾಧಿಯ ಮುಂದಿನ ಒಂದು ಕ್ಷಣ. ಅಲ್ಲಿ ನಿಂತಾಗ ಹಿಂದಿನ ದಿನದ ಎರಡು ಜಾಗಗಳು ಒಟ್ಟಿಗೆ ನೆನಪಾದವು. ವಿದುರಾಶ್ವತ್ಥದ ನಾಗರಕಲ್ಲುಗಳ ಮುಂದೆ ನಿಲ್ಲುವ ದಂಪತಿಗೂ ಮುರುಗಮಲ್ಲದ ಈ ತಾಯಿಗೂ ವ್ಯತ್ಯಾಸ ಕಡಿಮೆ. ಮಗು, ಕಾಯಿಲೆ, ಸಾಲ, ಮನಸ್ಸು. ಎರಡೂ ಹರಕೆಯ ಜಾಗಗಳು. ಹರಕೆಯ ಜಾಗಕ್ಕೆ ಜನ ಕರೆಯದೆಯೂ ಬರುತ್ತಾರೆ, ಹುಂಡಿಗೆ ಹಾಕುತ್ತಾರೆ, ಹೋಗುತ್ತಾರೆ. ಅವರ ಹೆಸರು ಯಾರೂ ಬರೆದಿಡುವುದಿಲ್ಲ, ಮುಂದಿನ ವಾರ ಬರದಿದ್ದರೆ ಯಾರೂ ಕೇಳುವುದಿಲ್ಲ. ಐದು ಹೊತ್ತಿನ ಜಾಗ ಹಾಗಲ್ಲ. ಅದನ್ನು ಯಾರಾದರೂ ದಿನಾ ನಡೆಸಬೇಕು. ಒಬ್ಬ ಬರದಿದ್ದರೆ ಸಾಲು ತುಂಡಾಗುತ್ತದೆ, ಯಾಕೆ ಬರಲಿಲ್ಲ ಎಂದು ಮನೆಗೆ ಹೋಗಿ ಕೇಳುತ್ತಾರೆ. ಕಾರು ಬಸ್ಸು ಕಟ್ಟಿಕೊಂಡು ಹರಕೆಯ ಜಾಗಗಳಿಗೆ ಹೋಗುವ ನಾವು, ನಮ್ಮ ನಮ್ಮ ಊರಿನ ದಿನದ ಜಾಗಗಳನ್ನು ಬಿಹಾರದ ಹುಡುಗನಿಗೋ ಎಪ್ಪತ್ತರ ಅರ್ಚಕರಿಗೋ ಬಿಟ್ಟಿದ್ದೇವೆ. ಇದು ಒಂದು ಧರ್ಮದವರ ಕಥೆಯಲ್ಲ.

ರಾತ್ರಿ ಚಿಂತಾಮಣಿಯಲ್ಲಿ ಉಳಿದು ಶುಕ್ರವಾರ ಬೆಳಗ್ಗೆ ಶಿಡ್ಲಘಟ್ಟಕ್ಕೆ ಬಂದೆ. ರಾಮನಗರದ ನಂತರ ರಾಜ್ಯದ ಎರಡನೇ ದೊಡ್ಡ ಸರ್ಕಾರಿ ಗೂಡಿನ ಮಾರುಕಟ್ಟೆ ಇಲ್ಲಿಯದು. ಹಳದಿ ಮಿಶ್ರತಳಿ, ಬಿಳಿಯ ದ್ವಿತಳಿ ಗೂಡುಗಳ ರಾಶಿ, ನಡುವೆ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ರೀಲರುಗಳು. ಹುಳ ಒಳಗೆ ಒಣಗಿದ್ದರೆ ಒಂದು ಸದ್ದು, ಕರಗಿದ್ದರೆ ಸದ್ದಿಲ್ಲ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿನಲ್ಲಿ ನಡೆಯುವ ಇ-ಹರಾಜು. ಗೂಡು ಬೆಳೆಯುವವರಲ್ಲಿ ಹೆಚ್ಚಿನವರು ಒಕ್ಕಲಿಗರು, ರೆಡ್ಡಿಗಳು, ದಲಿತರು. ಕೊಂಡು ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮುಸ್ಲಿಮರು. ರೇಷ್ಮೆಯನ್ನು ಮೈಸೂರು ಸೀಮೆಯಲ್ಲಿ ಬೇರೂರಿಸಲು ಟಿಪ್ಪು ಹಾಕಿದ ಶ್ರಮದಿಂದ ಹಿಡಿದು ಇವತ್ತಿನ ತನಕ ಈ ಎರಡು ಕೈಗಳಲ್ಲಿ ಒಂದು ತಪ್ಪಿದರೆ ಇನ್ನೊಂದಕ್ಕೆ ಅನ್ನವಿಲ್ಲ.

ಮುತವಲ್ಲಿಗಳು ಕೊಟ್ಟ ನಂಬರಿನ ಹುಡುಗ ಒಂದು ರೀಲಿಂಗ್ ಶೆಡ್ಡಿನಲ್ಲಿ ಸಿಕ್ಕ. ಬಿಸಿನೀರಿನ ಬೇಸಿನ್ ಮುಂದೆ ನಿಂತು, ಕುದಿದ ಗೂಡುಗಳ ಎಳೆಯ ತುದಿ ಹುಡುಕಿ, ಒಂದಷ್ಟನ್ನು ಸೇರಿಸಿ ಬಟನ್ನಿನ ತೂತಿಗೆ ಕೊಡುತ್ತಿದ್ದ. ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಹುಳ ಬೆಂದ ವಾಸನೆ ಬಟ್ಟೆಗೆ ಹತ್ತಿದರೆ ದಿನಗಟ್ಟಲೆ ಬಿಡುವುದಿಲ್ಲ ಎಂದ. ಮಧ್ಯಾಹ್ನ ಕೆಲಸ ಬಿಟ್ಟು, ಸ್ನಾನ ಮಾಡಿ, ಅತ್ತರು ಹಚ್ಚಿ ಜುಮಾಕ್ಕೆ ಹೊರಟ. ನಾನೂ ಮಸೀದಿಯವರೆಗೆ ಹೋದೆ. ಒಳಗೆ ಜಾಗವಿಲ್ಲದೆ ಸಾಲುಗಳು ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹೊರಗಿನ ಅಂಗಳಕ್ಕೆ ಇಳಿದಿದ್ದವು. ಊರಿನಲ್ಲಿ ಒಂದು ಸಾಲು ತುಂಬಲು ಬೇಕಾದ ಹುಡುಗ ಇಲ್ಲಿ ಹತ್ತನೆಯದೋ ಹನ್ನೊಂದನೆಯದೋ ಸಾಲಿನಲ್ಲಿ ನಿಂತಿದ್ದ.

ನಮಾಜಿನ ನಂತರ ಟೀ ಅಂಗಡಿಯಲ್ಲಿ ಅವನೇ ಮಾತು ತೆಗೆದ. ಹೊರಗೆ ದುಡಿಯುವ ಊರಿನ ಹುಡುಗರೆಲ್ಲ ಸೇರಿ ವಾಟ್ಸಾಪ್ ಗ್ರೂಪ್ ಮಾಡಿ ದುಡ್ಡು ಕೂಡಿಸುತ್ತಿದ್ದಾರೆ. ಮಸೀದಿಗೆ ಎತ್ತರದ ಮಿನಾರು ಕಟ್ಟಿಸಬೇಕೆಂಬುದು ಹುಡುಗರ ಆಸೆ. ರೈಲಿನಿಂದ ಕಾಣಬೇಕು. ಮುತವಲ್ಲಿಗಳದ್ದು ಒಂದೇ ಹಟ, ಆ ದುಡ್ಡಿನಲ್ಲಿ ನೀರಿನ ಟ್ಯಾಂಕು, ಇಮಾಮರಿಗೆ ಹೆಂಡತಿ ಕರೆತಂದು ಇರುವಂಥ ಒಂದು ಕೋಣೆ. ಸಂಸಾರಕ್ಕೆ ಮನೆ ಇಲ್ಲದಿದ್ದರೆ ಈ ಹುಡುಗನೂ ವರ್ಷದೊಳಗೆ ಹೋಗುತ್ತಾನೆ, ಹಿಂದಿನವರು ಹೋದದ್ದೂ ಹಾಗೆಯೇ. ಗ್ರೂಪಿನಲ್ಲಿ ಮೂರು ತಿಂಗಳಿನಿಂದ ಇದೇ ವಾದ.

"ನೀವು ನೋಡ್ಕೊಂಡು ಬಂದ್ರಲ್ಲ ಸಾರ್, ನೀವೇ ಹೇಳಿ" ಎಂದ.

ಮುತವಲ್ಲಿಗಳ ಕಡೆ ಎಂದೆ. ಎತ್ತರದ ಮಿನಾರು ದಾರಿಹೋಕರಿಗೆ ಕಾಣುತ್ತದೆ, ನಿಜ. ಆದರೆ ದಾರಿಹೋಕರು ಹೋಗುವುದು ಮುರುಗಮಲ್ಲಕ್ಕೆ. ಈ ಮಸೀದಿಗೆ ಬೇಕಾದದ್ದು ಬೆಳಗಿನ ಜಾವ ಎದ್ದು ಕೂಗುವ ಒಬ್ಬ ಮನುಷ್ಯ, ಅವನು ಕಾಲು ತೊಳೆಯಲು ನೀರು, ಅವನ ಹೆಂಡತಿಗೆ ಒಂದು ಅಡುಗೆಮನೆ. ಹುಡುಗನಿಗೆ ಅಷ್ಟಾಗಿ ಸಮಾಧಾನವಾದಂತೆ ಕಾಣಲಿಲ್ಲ. "ಗ್ರೂಪಲ್ಲಿ ಹಾಕ್ತೀನಿ, ಬೈತಾರೆ" ಎನ್ನುತ್ತಲೇ ಟೀ ದುಡ್ಡು ತಾನೇ ಕೊಟ್ಟು ಶೆಡ್ಡಿಗೆ ಹೊರಟ. ಬೇಸಿನ್ನಿನ ನೀರು ಆರುವುದರೊಳಗೆ ಅವನು ಹೋಗಬೇಕಿತ್ತು.